ನಲವತ್ತೆಂಟರ ತೂಕ

ಪಕ್ಕದ ಸಾಲಿನಲ್ಲಿ ನಿಂತ ಸಂಸದರ ಚೀಟಿ
ಎಪ್ಪತ್ತೊಂಬತ್ತು ತೂಗುತ್ತದೆ.
ನನ್ನದು ನಲವತ್ತೆಂಟು.
ಊದಿದರೆ ಹಾರುವ ಹಾಳೆಯೇ ಎರಡೂ.
ಹೊರಗೆ ಚೈತ್ರದ ಕಾಠ್ಮಂಡು, ಕೆಮ್ಮು, ಧೂಳು.

ತೂಕವೇನು ನನಗೆ ಹೊಸದಲ್ಲ.
ಜುಮ್ಲಾಕ್ಕೆ ಸೇಬು ಕೊಳ್ಳಲು ಬರುತ್ತಿದ್ದ
ನೇಪಾಳ್‌ಗಂಜಿನ ಸಾಹುಕಾರ
ತಕ್ಕಡಿಯ ತಟ್ಟೆಗೆ ಹೆಬ್ಬೆರಳು ತಾಗಿಸಿಯೇ ತೂಗುತ್ತಿದ್ದ.
ಅವ್ವ ನೋಡಿಯೂ ನೋಡದ ಹಾಗೆ
ಬುಟ್ಟಿಯ ತಳದಲ್ಲಿ ಎರಡು ಕಲ್ಲು ಇಡುತ್ತಿದ್ದಳು.
ಲೆಕ್ಕ ಸರಿಹೋಗುತ್ತಿತ್ತು.

ಇದು ಹೇಗೆ ಬಂತು ಅಂತ
ಕಾನೂನು ಶಾಖೆಯ ಹುಡುಗನನ್ನು ಕೇಳಿದೆ.
“ದೀದಿ, ದೇಶದ ತಲೆಗಳನ್ನೆಲ್ಲ ಕೂಡಿಸಿ,
ಏಳು ಪ್ರದೇಶಸಭೆಗಳ ಕುರ್ಚಿಗಳಿಂದ ಭಾಗಿಸಿ,
ಬಂದದ್ದನ್ನು ಮತ್ತೆ ಸಾವಿರದಿಂದ ಭಾಗಿಸಿದರೆ
ನೀವು.”
“ನಾನು?”
“ನಲವತ್ತೆಂಟು. ಶೇಷ ಬಿಟ್ಟುಬಿಡುತ್ತಾರೆ.”

ಶೇಷ ಯಾರು ಅಂತ ನನಗೆ ಗೊತ್ತು.
ಮಂಜು ಮುಸುಕಿದ ದಿನ ಬಂದ ಗಣತಿಯವನು
ನಮ್ಮ ಕೇರಿಗೆ ಹತ್ತಲಿಲ್ಲ.
ಕೆಳಗೆ ನೀರಿನ ಧಾರೆಯ ಹತ್ತಿರವೇ ನಿಂತು ಕೂಗಿದ:
ಎಷ್ಟು ಜನ?
ಮಾವ ಮೇಲಿನಿಂದ ಕೂಗಿ ಹೇಳಿದ ಸಂಖ್ಯೆಯಲ್ಲಿ
ಗಾಳಿ ತಿಂದದ್ದೆಷ್ಟೋ,
ಅವನ ಪೆನ್ಸಿಲು ತಿಂದದ್ದೆಷ್ಟೋ.

ಇವತ್ತು ಆರಿಸಬೇಕಾದ್ದು ಉಪರಾಷ್ಟ್ರಪತಿಯನ್ನು.
ಮೊದಲ ಕುರ್ಚಿಯಲ್ಲಿ ಬೆಟ್ಟದ ಗಂಡಸೊಬ್ಬ
ಹೋದ ವಾರವೇ ಕೂತಾಗಿದೆ.
ಎರಡನೆಯವರು ಬೇರೆಯಾಗಿರಬೇಕು,
ಲಿಂಗದಲ್ಲಿ ಅಥವಾ ಸಮುದಾಯದಲ್ಲಿ.
ಎಪ್ಪತ್ತನೆಯ ವಿಧಿ.

ನಮ್ಮ ಮಾತಿನಲ್ಲಿ ಆ ‘ಅಥವಾ’ ಒಂದೇ ಅಕ್ಷರ:
ವಾ.
ಸೂಜಿಯ ಕಣ್ಣಿನಷ್ಟು.
ನಾನು ದರ್ಜಿಯ ಮಗಳು, ಗೊತ್ತು ನನಗೆ,
ಕಣ್ಣಿನೊಳಗೆ ಒಂದು ಎಳೆ ಮಾತ್ರ ನುಗ್ಗುತ್ತದೆ.
ಹೆಣ್ಣು ನುಗ್ಗಿದರೆ ಕೇರಿ ಹೊರಗೆ,
ಕೇರಿ ನುಗ್ಗಿದರೆ ಹೆಣ್ಣು ಹೊರಗೆ.
ಎರಡನ್ನೂ ಹೊಸೆದು ದಪ್ಪಗಾದ ದಾರ ನಾನು.
ಎಂಜಲು ಹಚ್ಚಿ ತುದಿ ಚೂಪು ಮಾಡೋಣವೆಂದರೆ
ನಮ್ಮ ಎಂಜಲಿಗೆ
ಬೇರೆಯೇ ಕಾನೂನಿತ್ತಲ್ಲ ಬಹಳ ಕಾಲ.

‘ಉಪ’ ಕೂಡ ಹೊಸದಲ್ಲ.
ಐದು ವರ್ಷ ನಮ್ಮ ಗಾವಪಾಲಿಕೆಯ ಉಪಾಧ್ಯಕ್ಷೆಯಾಗಿದ್ದೆ.
ನ್ಯಾಯಸಮಿತಿ ನನ್ನದು:
ಒತ್ತಿದ ಬದು, ಕೊಡದ ಕೂಲಿ, ಹೊಡೆದ ಗಂಡ,
ಕಂಡವರ ಮೇಕೆ ತಿಂದ ಕಂಡವರ ಪೈರು.
ತೀರ್ಪು ಒಪ್ಪುತ್ತಿದ್ದರು,
ಮೊಹರು ಒಪ್ಪುತ್ತಿದ್ದರು,
ನಾನು ಬಗ್ಗಿಸಿದ ಚಹಾ ಮಾತ್ರ
ಕೆನೆಗಟ್ಟಿ ಮೇಜಿನ ಮೇಲೆಯೇ ಕೂತಿರುತ್ತಿತ್ತು.
ಒಬ್ಬ ಮುದುಕ, ಬದುವಿನ ವ್ಯಾಜ್ಯದವನು,
ಸೋತ ಮೇಲೆ ಅದನ್ನು ಎತ್ತಿ ಗಟಗಟ ಕುಡಿದ.
ಸಿಟ್ಟಿಗೋ, ಬಾಯಾರಿಕೆಗೋ. ಕೇಳಲಿಲ್ಲ.

ಆ ಉಪಕ್ಕೆ ಕೆಲಸವಿತ್ತು.
ಇಲ್ಲಿಯ ಉಪಕ್ಕೆ ಬಂಗಲೆ, ಕಾರು, ಕಾವಲು.
ಕೆಲಸವೆಂದರೆ
ಮೊದಲನೆಯವರು ದೇಶದಲ್ಲಿಲ್ಲದಾಗ
ದೇಶದಲ್ಲಿರುವುದು.

ನಲವತ್ತೈದು ತುಂಬಿರಬೇಕಂತೆ ಅದಕ್ಕೂ.
ನನಗೆ ತುಂಬಿದೆ, ಪೌರತ್ವದ ಕಾಗದದ ಪ್ರಕಾರ.
ಅವ್ವನ ಪ್ರಕಾರ ಇನ್ನೂ ಎರಡು ಚಳಿಗಾಲ ಬಾಕಿ.
ನನ್ನ ಹೆಸರನ್ನು ಯಾರೂ ಎತ್ತಲಿಲ್ಲ, ಅದು ಬೇರೆ.

“ಜೌಮತಿ ನೇಪಾಳಿ!”
ಪಟ್ಟಿಯಿಂದ ತಲೆಯೆತ್ತಿ ಅಧಿಕಾರಿ ಕೇಳುತ್ತಾನೆ,
“ನೇಪಾಳಿ ಅಂದರೆ... ಯಾವ ನೇಪಾಳಿ?”
ಊರಲ್ಲಿ ಜಾತಿ ಕೇಳುವ ದನಿಯೇ,
ಟೈ ಕಟ್ಟಿಕೊಂಡಿದೆ ಅಷ್ಟೆ.
“ಗೋಡೆಯ ಮೇಲೆ ನಕ್ಷೆ ಇದೆಯಲ್ಲ,” ಅಂದೆ,
“ಆ ನೇಪಾಳಿ.”

ಮರೆಯೊಳಗೆ ನಾನು, ಪೆನ್ನು, ನಾಲ್ಕು ಹೆಸರು.
ಪಕ್ಷದವರು ಹೇಳಿಕೊಟ್ಟ ಹೆಸರು ಎರಡನೆಯದು.
ಗುರುತು ಎಲ್ಲಿ ಬಿತ್ತು ಎನ್ನುವುದು
ಗುಟ್ಟು. ಅದೂ ಕಾನೂನೇ.

ನಮ್ಮ ಪೆಟ್ಟಿಗೆಗೆ ಕಿರಿದಾದ ಬಾಯಿ.
ಚೀಟಿಯನ್ನು ಇಳಿಸಿ
ಹೆಬ್ಬೆರಳನ್ನು ಅಂಚಿನ ಮೇಲೆ ಒತ್ತಿ ಹಿಡಿದೆ,
ಸಾಹುಕಾರ ಹಿಡಿಯುತ್ತಿದ್ದನಲ್ಲ, ಹಾಗೆ.

“ಬಿಡಿ ದೀದಿ,” ಅಂದ ಅಧಿಕಾರಿ,
“ಬಿದ್ದಾಯಿತು.”

ಇನ್ನೊಂದು ಕ್ಷಣ ಒತ್ತಿ
ಬಿಟ್ಟೆ.